ತೊಂಬತ್ತಾರು ಅರ್ಧಚ್ಛೇದಗಳ ರಾಶಿ

ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಒಂದು ಪ್ರಾಕೃತ ಗಾಹೆಯಿದೆ. ಕೊನೆಯ ಕೆಲವು ಪದಗಳನ್ನುಳಿದು ಮಿಕ್ಕವನ್ನು ಅರ್ಥ ಹಿಡಿದು ಅನ್ವಯಿಸಲು ಹೊರಟರೆ ಏನೂ ಕೂಡಿಬಾರದು. ಅಲ್ಲಿರುವುದು ಅಂಕಗಳು. ಕಟಪಯಾದಿ ಕ್ರಮದಂತೆ ಅಕ್ಷರಕ್ಕೊಂದು ಅಂಕವಿಟ್ಟು, ಬಿಡಿಸ್ಥಾನದಿಂದ ಎಡಕ್ಕೆ ಬರೆಯುತ್ತ ಹೋದರೆ 29 ಸ್ಥಾನಗಳ ಈ ಸಂಖ್ಯೆ ದೊರೆಯುತ್ತದೆ:

79228162514264337593543950336

ಇದು ಪರ್ಯಾಪ್ತ ಮನುಷ್ಯರ ಸಂಖ್ಯೆ. ಎರಡೂವರೆ ದ್ವೀಪಗಳ ಲೋಕಕಲ್ಪನೆಗೆ ಸೇರಿದ ಈ ಲೆಕ್ಕವನ್ನು ಇಂದಿನ ಜನಗಣತಿಯೊಡನೆ ಹೋಲಿಸಿ ಹೆಮ್ಮೆಪಡುವುದೂ ನಗುವುದೂ ಸಮನಾಗಿ ವ್ಯರ್ಥ. ನನ್ನ ಕುತೂಹಲವಿರುವುದು ಸಂಖ್ಯೆಯ ಕಟ್ಟಿನಲ್ಲಿ. ಎರಡನ್ನು ವರ್ಗಿಸಿದರೆ 4. ಅದರ ವರ್ಗ 16. ಹೀಗೆಯೇ ಐದನೆಯ ವರ್ಗ 4294967296, ಆರನೆಯದು 18446744073709551616. ಇವೆರಡರ ಗುಣಲಬ್ಧವೇ ಮೇಲಿನ ರಾಶಿ. ಶ್ವೇತಾಂಬರ ಆಗಮವಾದ ‘ಅನುಯೋಗದ್ವಾರ’ವೂ ಇದನ್ನೇ ಹೇಳಿ, 96 ಬಾರಿ ಅರ್ಧಿಸಬಹುದಾದ ರಾಶಿಯೆಂದು ಇನ್ನೊಂದು ಲಕ್ಷಣವನ್ನು ಕೊಡುತ್ತದೆ. ವೀರಸೇನರ ‘ಧವಲಾ’ ಟೀಕೆಯ ಪರಿಭಾಷೆಯಲ್ಲಿ ಅರ್ಧಿಸುವ ಈ ಎಣಿಕೆಗೆ ಅರ್ಧಚ್ಛೇದವೆಂದು ಹೆಸರು. ಇಂದಿನ ಗಣಿತದಲ್ಲಿ ಅದು ಎರಡರ ಆಧಾರದ ಲಾಗರಿದಮ್.

ಗ್ರಂಥಸಂಪಾದನೆಯನ್ನು ಪಾಠ ಹೇಳುವ ನನಗೆ ಈ ಗಾಹೆ ಬೆರಗು ಹುಟ್ಟಿಸುವುದು ಇಲ್ಲಿಯೇ. ಅದರ ಎಂಟನೆಯ ಅಕ್ಷರ ‘ವಿ’; ಬೆಲೆ ನಾಲ್ಕು. ಓಲೆಯ ಮೇಲೆ ಕನ್ನಡದ ವಕಾರ ಮಕಾರಗಳು ಒಂದನ್ನೊಂದು ಹೋಲುವುದನ್ನು ಹಸ್ತಪ್ರತಿ ಓದಿದವರೆಲ್ಲ ಬಲ್ಲರು. ಲಿಪಿಕಾರನೊಬ್ಬ ಅಲ್ಲಿ ‘ಮಿ’ ಎಂದು ಬರೆದನೆಂದುಕೊಳ್ಳೋಣ. ಬೆಲೆ ಐದಾಗುತ್ತದೆ, ಸಂಖ್ಯೆ ಒಂದು ಕೋಟಿಯಷ್ಟು ಹೆಚ್ಚುತ್ತದೆ. ಇಷ್ಟು ದೊಡ್ಡ ರಾಶಿಯಲ್ಲಿ ಒಂದು ಕೋಟಿ ಕಣ್ಣಿಗೆ ಬೀಳುವಂಥದಲ್ಲ. ಆದರೆ ಅರ್ಧಿಸುತ್ತ ಹೋಗಿ: ಏಳನೆಯ ಬಾರಿಗೇ ಬೆಸಸಂಖ್ಯೆ ಎದುರಾಗುತ್ತದೆ, ಮುಂದೆ ದಾರಿಯಿಲ್ಲ. ಶುದ್ಧಪಾಠವಾದರೋ 96 ಬಾರಿ ಅರ್ಧಗೊಂಡು ಒಂದಕ್ಕೆ ಬಂದು ನಿಲ್ಲುತ್ತದೆ.

ಪಂಪನ ಪದ್ಯವೊಂದಕ್ಕೆ ಎರಡು ಪಾಠಗಳಿದ್ದರೆ ಛಂದಸ್ಸು, ಅರ್ಥ, ಪ್ರತಿಗಳ ಪ್ರಾಚೀನತೆಗಳನ್ನು ತೂಗಿ ಒಂದನ್ನು ಆರಿಸುತ್ತೇವೆ. ಸಂಶಯ ಪೂರ್ತಿ ಅಳಿಯುವುದಿಲ್ಲ. ಇಲ್ಲಿ ಮಾತ್ರ ಕೃತಿಯ ವಿಷಯವೇ ಕೃತಿಯ ಪಾಠಕ್ಕೆ ಸಾಕ್ಷಿ ನುಡಿಯುತ್ತದೆ.

ಆದರೂ ಈ ಸಾಕ್ಷಿಗೆ ಒಂದು ಮಿತಿಯುಂಟು. ಘ, ಢ, ಭ, ವ ಈ ನಾಲ್ಕಕ್ಕೂ ಬೆಲೆ ನಾಲ್ಕೇ. ಎಂಟನೆಯ ಅಕ್ಷರದ ಜಾಗದಲ್ಲಿ ಓಲೆ ಮುರಿದಿದ್ದರೆ ಕಳೆದುಹೋದ ಅಂಕವನ್ನು ಗಣಿತ ತಪ್ಪದೆ ಮರಳಿಸುತ್ತದೆ, ಅಕ್ಷರವನ್ನಲ್ಲ. ಅದನ್ನು ಹುಡುಕಬೇಕಾದವರು ಭಾಷೆಯನ್ನೂ ಛಂದಸ್ಸನ್ನೂ ಬಲ್ಲವರು. 1359ರಲ್ಲಿ ಈ ಕೃತಿಗೆ ಕನ್ನಡ ವೃತ್ತಿ ಬರೆದ ಕೇಶವವರ್ಣಿಗೆ ಎರಡು ವಿದ್ಯೆಗಳೂ ಬೇಕಾಗಿದ್ದವು. ನಮ್ಮ ಸಂಶೋಧನ ವಿದ್ಯಾರ್ಥಿಗಳು ಗಣಿತವನ್ನು ಪರರ ಮನೆಯೆಂದು ಬಗೆದು ಇಂಥ ಗಾಹೆಗಳನ್ನು ದಾಟಿಹೋಗದಿರಲಿ.