ಮೈದಾನದಂಚಿನ ಉಡುಪು

ಮಕ್ಕಳ ಆಟ ನೋಡಲು ಬರುವ ತಂದೆತಾಯಿಗಳು ಏನು ಉಡಬೇಕು, ಏನು ತೊಡಬೇಕು ಎಂಬ ಬಗ್ಗೆ ಯಾವ ಶಾಲೆಯೂ ಸುತ್ತೋಲೆ ಹೊರಡಿಸುವುದಿಲ್ಲ. ಮಗುವಿನ ಸಮವಸ್ತ್ರದ ವಿಷಯದಲ್ಲಿ ಕಾಲುಚೀಲದ ಪಟ್ಟಿಯ ಬಣ್ಣದವರೆಗೂ ನಿಯಮ ಮಾಡುವ ಆಡಳಿತ ಮಂಡಳಿಯು ಪೋಷಕರಿಗೆ ಮಾತ್ರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹಾಜರಿರಬೇಕೆಂಬ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತದೆ. ಕರ್ನಾಟಕದ ಮಧ್ಯಮ ವರ್ಗದ ಮನೆಗಳ ಬೀರುವಿನಲ್ಲಿ ಮದುವೆ ಮುಂಜಿಗೆಂದು ಒಂದು ಅರೆ, ಕಚೇರಿಗೆಂದು ಒಂದು ಅರೆ, ಮನೆಯಲ್ಲಿ ಹಾಕಿಕೊಳ್ಳಲೆಂದು ಒಂದು ಅರೆ ಇರುತ್ತವೆಯೇ ಹೊರತು ಮೈದಾನಕ್ಕೆಂದು ಮೀಸಲಾದ ಅರೆ ಇರುವುದಿಲ್ಲ. ಆದ್ದರಿಂದಲೇ ಶಾಲಾ ಕ್ರೀಡಾದಿನದ ಗ್ಯಾಲರಿಯಲ್ಲಿ ಜರಿಯಂಚಿನ ರೇಷ್ಮೆ ಸೀರೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಹಾಸಿಗೆಯಿಂದ ನೇರವಾಗಿ ಎದ್ದುಬಂದಂತೆ ಕಾಣುವ ಬರ್ಮುಡಾ ಚಡ್ಡಿ ಇವೆಲ್ಲ ಒಂದೇ ಸಾಲಿನಲ್ಲಿ ಮಗ್ಗುಲು ಮಗ್ಗುಲಾಗಿ ಕುಳಿತಿರುವುದು ಕಂಡುಬರುತ್ತದೆ.

ಈ ಗೊಂದಲದ ಮೂಲವಿರುವುದು ನೋಡುಗರ ನಿಜವಾದ ಕೆಲಸ ಯಾವುದೆಂಬುದು ಅವರಿಗೇ ಸ್ಪಷ್ಟವಾಗದಿರುವುದರಲ್ಲಿ. ಹತ್ತು ವರ್ಷದ ಮಗುವಿನ ನೂರು ಮೀಟರ್ ಓಟ ಇಪ್ಪತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆದರೆ ಅದಕ್ಕೆ ಮೊದಲು ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ, ಮುಖ್ಯ ಅತಿಥಿಗಳ ಭಾಷಣ, ಸಾಮೂಹಿಕ ಕವಾಯತು ಮತ್ತು ಶಿಶುವಿಹಾರದ ಮಕ್ಕಳು ಅರ್ಧ ದಾರಿಯಲ್ಲಿ ನಿಂತು ಅಮ್ಮನಿಗೆ ಕೈಬೀಸುವ ಕಪ್ಪೆ ಓಟ ಇಷ್ಟೂ ನಡೆಯಬೇಕಾಗಿರುವುದರಿಂದ, ಇಪ್ಪತ್ತು ಸೆಕೆಂಡುಗಳನ್ನು ನೋಡಲು ಬಂದವರು ನಾಲ್ಕು ಗಂಟೆ ಕೂರಬೇಕಾಗುತ್ತದೆ. ಮೈದಾನಕ್ಕೆ ಹೋಗುವ ಉಡುಪು ಹೆಸರಿಗೆ ಆಟ ನೋಡುವುದಕ್ಕಾದರೂ ವಾಸ್ತವವಾಗಿ ಕಾಯುವುದಕ್ಕೆಂದು ತೊಡುವಂಥದು. ಕಾಯುವವರ ಉಡುಪಿಗಿರಬೇಕಾದ ಪ್ರಥಮ ಲಕ್ಷಣವೆಂದರೆ ಅದು ತೊಟ್ಟವರ ಗಮನವನ್ನು ತನ್ನತ್ತ ಸೆಳೆಯದಿರುವುದು. ಏಕೆಂದರೆ ಸೆರಗು ಸರಿಪಡಿಸಿಕೊಳ್ಳುವ ಅಥವಾ ಬಿಗಿಯಾದ ಸೊಂಟಪಟ್ಟಿಯನ್ನು ಸಡಿಲಿಸಿಕೊಳ್ಳುವ ಕ್ಷಣದಲ್ಲಿಯೇ ಆ ಇಪ್ಪತ್ತು ಸೆಕೆಂಡುಗಳು ಕಳೆದುಹೋಗುವ ಸಂಭವವಿದೆ.

ಕಾಯುವಿಕೆಯ ಮೊದಲ ಎದುರಾಳಿ ಬಿಸಿಲು. ಬೆಂಗಳೂರಿನಲ್ಲಿ ಬಹುಪಾಲು ಶಾಲೆಗಳ ಕ್ರೀಡಾದಿನಗಳು ಡಿಸೆಂಬರ್ ಮತ್ತು ಜನವರಿಯ ಸುತ್ತಮುತ್ತ ಬರುತ್ತವೆ. ಆಗ ನಸುಕಿನ ತಾಪಮಾನ ಸುಮಾರು 16 ಡಿಗ್ರಿ ಸೆಲ್ಸಿಯಸ್ ಇದ್ದು ಮಧ್ಯಾಹ್ನದ ಹೊತ್ತಿಗೆ 27 ಡಿಗ್ರಿಗೆ ಏರುವುದರಿಂದ, ಮನೆ ಬಿಡುವಾಗ ಸ್ವೆಟರ್ ಬೇಕೆನಿಸಿದ ಮೈಗೆ ಹನ್ನೊಂದು ಗಂಟೆಗೆ ಅದೇ ಸ್ವೆಟರ್ ಶಿಕ್ಷೆಯಾಗುತ್ತದೆ. ಗಾಳಿ ತಂಪಾಗಿದೆಯೆಂದು ಬಿಸಿಲನ್ನು ಹಗುರವಾಗಿ ಕಾಣುವುದು ಇನ್ನೂ ದೊಡ್ಡ ತಪ್ಪು. ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳು, ಅಂದರೆ ಕಣ್ಣಿಗೆ ಕಾಣದ ಮತ್ತು ಬಿಸಿಯೆಂದು ಮೈಗೆ ತಿಳಿಯದ ಸೂರ್ಯಕಿರಣಗಳು, ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಶೇಕಡ ಹತ್ತರಷ್ಟು ಪ್ರಬಲವಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹಿತವಾದ ಹವೆಯಲ್ಲಿ ಮೈ ಬೆವರದೆಯೇ ಕೆಂಪೇರುವುದಕ್ಕೆ ಇದೂ ಒಂದು ಕಾರಣ. ಹೀಗಾಗಿ ದಪ್ಪನೆಯ ಒಂದೇ ಬಟ್ಟೆಯ ಬದಲು ತೆಳುವಾದ ಎರಡು ಮೂರು ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟು, ಹೊತ್ತೇರಿದಂತೆ ಮೇಲಿನದನ್ನು ಕಳಚಿ ಚೀಲಕ್ಕೆ ಸೇರಿಸುವ ಕ್ರಮವೇ ಇಲ್ಲಿನ ಹವೆಗೆ ಒಗ್ಗುವಂಥದು. ಆದರೆ ಕೊನೆಯಲ್ಲಿ ಮೈಮೇಲೆ ಉಳಿಯುವ ಬಟ್ಟೆಗೆ ತುಂಬುತೋಳು ಇದ್ದರೆ ಕ್ಷೇಮ.

ಬಟ್ಟೆ ಯಾವುದಿರಬೇಕು ಎಂಬ ಪ್ರಶ್ನೆಗೆ ಹಳಬರು ಹತ್ತಿ ಎನ್ನುತ್ತಾರೆ, ಅಂಗಡಿಯವರು ಪಾಲಿಯೆಸ್ಟರ್ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಹತ್ತಿಯ ಎಳೆ ಸಾಧಾರಣ ಹವೆಯಲ್ಲಿ ತನ್ನ ತೂಕದ ಸುಮಾರು ಶೇಕಡ ಎಂಟರಷ್ಟು ತೇವವನ್ನು ಒಳಗಿಟ್ಟುಕೊಳ್ಳಬಲ್ಲದಾದರೆ ಪಾಲಿಯೆಸ್ಟರ್‌ಗೆ ಶೇಕಡ ಅರ್ಧದಷ್ಟನ್ನೂ ಹಿಡಿದಿಡಲಾಗದು. ಆದ್ದರಿಂದ ಓಡುವ ಮಗುವಿನ ಜರ್ಸಿಗೆ ಬೇಗ ಒಣಗುವ ಪಾಲಿಯೆಸ್ಟರ್ ಸರಿಹೊಂದಿದರೆ, ಒಂದೇ ಕಡೆ ಕುಳಿತು ಮೆಲ್ಲಗೆ ಬೆವರುವ ತಂದೆಗೆ ತೇವವನ್ನು ಸದ್ದಿಲ್ಲದೆ ಹೀರಿಕೊಳ್ಳುವ ಹತ್ತಿಯೇ ಹಿತ. ಮಗನ ತಂಡದ ಜರ್ಸಿಯನ್ನೇ ದೊಡ್ಡ ಅಳತೆಯಲ್ಲಿ ಹೊಲಿಸಿಕೊಂಡು ಬರುವ ತಂದೆಯರು ಹತ್ತು ಗಂಟೆಯ ನಂತರ ಕಂಕುಳ ಬಳಿ ಬಟ್ಟೆಯನ್ನು ಎಳೆದುಕೊಳ್ಳುತ್ತ ಕೂರುವುದರ ರಹಸ್ಯ ಇದೇ. ಇನ್ನು ಬಣ್ಣದ ವಿಷಯ. ಬಿಸಿಲಿಗೆ ಬಿಳಿಯೇ ಸರಿಯೆಂಬ ನಂಬಿಕೆ ಎಲ್ಲೆಡೆ ಇದೆಯಾದರೂ, ಮರುಭೂಮಿಯ ಬೆಡೂಯಿನ್ ಅಲೆಮಾರಿಗಳು ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ಪರಿಶೀಲಿಸಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಉಡುಪು ಸಡಿಲವಾಗಿದ್ದರೆ ಕಪ್ಪು ತೊಟ್ಟವರ ಮೈಗೂ ಬಿಳಿ ತೊಟ್ಟವರ ಮೈಗೂ ತಗಲುವ ಶಾಖದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿತು. ಕಪ್ಪು ಬಟ್ಟೆ ಹೆಚ್ಚು ಶಾಖವನ್ನು ಹೀರಿದರೂ ಬಟ್ಟೆಗೂ ಮೈಗೂ ನಡುವೆ ಆಡುವ ಗಾಳಿ ಅದನ್ನು ಹೊತ್ತೊಯ್ಯುವುದೇ ಇದಕ್ಕೆ ಕಾರಣ. ತೆಳುವಾದ ಬಿಳಿ ಹತ್ತಿಯ ಟೀ ಶರ್ಟು ಅತಿನೇರಳೆ ಕಿರಣಗಳನ್ನು ಸಾಕಷ್ಟು ಒಳಬಿಡುತ್ತದೆ, ನೆನೆದರಂತೂ ಇನ್ನಷ್ಟು ಬಿಡುತ್ತದೆ ಎಂಬುದನ್ನೂ ಇದರ ಜೊತೆಗೆ ಸೇರಿಸಿ ನೋಡಿದರೆ, ಮೈದಾನದ ಉಡುಪಿನಲ್ಲಿ ಬಣ್ಣಕ್ಕಿಂತ ಸಡಿಲಿಕೆ ಮತ್ತು ಒತ್ತಾದ ನೇಯ್ಗೆ ಮುಖ್ಯವೆಂಬುದು ಮನದಟ್ಟಾಗುತ್ತದೆ.

ಸೀರೆ ಉಡುವವರಿಗೆ ಈ ಮಾತು ಹೊಸದೇನಲ್ಲ. ಸಡಿಲಿಕೆ, ಗಾಳಿಯಾಟ, ಬೇಕೆಂದಾಗ ತಲೆಯ ಮೇಲೆ ಎಳೆದುಕೊಳ್ಳಲು ಒದಗುವ ಸೆರಗು ಇವು ಮೂರೂ ಸೀರೆಯಲ್ಲಿ ಹುಟ್ಟಿನಿಂದಲೇ ಇವೆ. ಕರಾವಳಿಯ ಸೆಕೆಯಲ್ಲಿ ಹುಟ್ಟಿದ ಉಡುಪಿ ಸೀರೆ ಹಗುರವಾದ ಹತ್ತಿಯದಾದ್ದರಿಂದ ಮಂಗಳೂರಿನ ಮೈದಾನದಲ್ಲಿ ಅದನ್ನು ಮೀರಿಸುವ ಉಡುಪು ದೊರೆಯುವುದು ಕಷ್ಟ. ಬಯಲುಸೀಮೆಯ ಧೂಳಿಗೆ ಗಾಢ ಬಣ್ಣದ ಇಳಕಲ್ ಸೀರೆ, ಅದರಲ್ಲಿಯೂ ಮೈಯೆಲ್ಲ ಹತ್ತಿಯಾಗಿರುವಂಥದು, ಕೊಳೆಯನ್ನು ತೋರಗೊಡದೆ ನಿಭಾಯಿಸುತ್ತದೆ. ಚೂಡಿದಾರದವರಿಗೆ ಇರುವ ಒಂದೇ ಕಿವಿಮಾತೆಂದರೆ ದುಪಟ್ಟಾವನ್ನು ಎರಡೂ ಕಡೆ ಪಿನ್ನು ಹಾಕಿ ಭದ್ರಪಡಿಸಿಕೊಳ್ಳಬೇಕೆಂಬುದು. ಗೆದ್ದ ಮಗುವನ್ನು ಎತ್ತಿಕೊಳ್ಳಲು ಧಾವಿಸುವಾಗ ಅದು ಹಿಂದಿನವರ ಕುರ್ಚಿಗೆ ಸಿಕ್ಕಿಕೊಳ್ಳುವುದು ಗ್ಯಾಲರಿಗಳಲ್ಲಿ ನಿತ್ಯದ ನೋಟ.

ತಲೆಯ ರಕ್ಷಣೆಯ ವಿಷಯದಲ್ಲಿ ನಾಡಿನ ಪರಂಪರೆ ಶ್ರೀಮಂತವಾದುದು. ಉತ್ತರ ಕರ್ನಾಟಕದ ರುಮಾಲು ಮತ್ತು ತುಳುನಾಡಿನ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯನ್ನು ಮಡಿಚಿ ಹೊಲಿದ ಟೋಪಿ, ಎರಡೂ ಬಿಸಿಲಿನಲ್ಲಿ ದುಡಿಯುವವರ ತಲೆಯಿಂದ ಬಂದವು. ಇಂದಿನ ಪೋಷಕರು ನೆಚ್ಚಿಕೊಂಡಿರುವ ಕ್ರಿಕೆಟ್ ಕ್ಯಾಪು ಹಣೆಗೆ ಮಾತ್ರ ನೆರಳು ಕೊಟ್ಟು ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಬಿಸಿಲಿಗೊಪ್ಪಿಸುವುದರಿಂದ, ಸುತ್ತಲೂ ಅಂಚಿರುವ ಹತ್ತಿಯ ಟೋಪಿ ಅದಕ್ಕಿಂತ ಮೇಲು. ಛತ್ರಿಯಂತೂ ನೆರಳಿನ ದೃಷ್ಟಿಯಿಂದ ಎಲ್ಲಕ್ಕಿಂತ ಉತ್ತಮವಾದರೂ ನೆರೆಹೊರೆಯ ದೃಷ್ಟಿಯಿಂದ ಎಲ್ಲಕ್ಕಿಂತ ಕೆಟ್ಟದ್ದು. ಮುಂದಿನ ಸಾಲಿನಲ್ಲಿ ಬಿಚ್ಚಿದ ಒಂದು ಛತ್ರಿ ಹಿಂದಿನ ಮೂರು ಕುಟುಂಬಗಳಿಂದ ರಿಲೇ ಓಟವನ್ನು ಕಸಿದುಕೊಳ್ಳುತ್ತದೆ. ಆದ್ದರಿಂದ ಛತ್ರಿಯವರು ಕೊನೆಯ ಸಾಲಿನಲ್ಲಿ ಕೂರುವುದು ಬರೆಯದ ಕಾನೂನಾಗಬೇಕು.

ಆದರೆ ನಗರದ ಖಾಸಗಿ ಶಾಲೆಗಳ ಚಳಿಗಾಲವೊಂದೇ ಕ್ರೀಡಾಕಾಲವಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಹಂತ ಹಂತವಾಗಿ ಮೇಲೇರುವ ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಬಹುತೇಕ ಮಳೆಗಾಲದಲ್ಲಿಯೇ ನಡೆಯುವುದರಿಂದ, ಮಲೆನಾಡಿನ ಹೋಬಳಿಯೊಂದರ ಖೋಖೋ ಅಂಕಣದ ಪಕ್ಕದಲ್ಲಿ ನಿಂತವರ ಸಮಸ್ಯೆಯೇ ಬೇರೆ. ಅಲ್ಲಿ ಆಟಗಾರರು ಬರಿಗಾಲಿನಲ್ಲಿ ಕೆಸರು ತುಳಿದು ಓಡುತ್ತಿದ್ದರೆ, ನೋಡುಗರು ಹವಾಯಿ ಚಪ್ಪಲಿಯಲ್ಲಿ ಅತ್ತಿಂದಿತ್ತ ನಡೆದು, ಹಿಮ್ಮಡಿಗೆ ಪಟಪಟನೆ ಬಡಿಯುವ ಆ ಚಪ್ಪಲಿ ಚಿಮ್ಮಿಸಿದ ಕೆಂಪು ಮಣ್ಣಿನ ಚುಕ್ಕೆಗಳನ್ನು ಪ್ಯಾಂಟಿನ ಹಿಂಬದಿಯಲ್ಲಿ ಮೊಣಕಾಲಿನವರೆಗೂ ಸಾಲುಸಾಲಾಗಿ ಹೊತ್ತು, ಅದರ ಅರಿವೇ ಇಲ್ಲದೆ ಊರೆಲ್ಲ ತಿರುಗುತ್ತಾರೆ. ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಈ ಅಪಕೀರ್ತಿಯಿಂದ ಪಾರುಮಾಡುತ್ತದೆ. ಕುರಿಯ ಉಣ್ಣೆಯ ಕಂಬಳಿಯನ್ನು ಕೊಪ್ಪೆಯಾಗಿ ಮಡಿಚಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುವ ಹಳ್ಳಿಯ ಹಿರಿಯರು ಪ್ಲಾಸ್ಟಿಕ್ ರೇನ್‌ಕೋಟಿನವರಿಗಿಂತ ಸುಖವಾಗಿರುವುದಕ್ಕೂ ಕಾರಣವಿದೆ: ಉಣ್ಣೆಯ ಎಳೆಯ ಹೊರಮೈ ನೀರಹನಿಯನ್ನು ಜಾರಿಸುತ್ತದೆ, ಒಳಭಾಗ ತೇವವನ್ನು ಹೀರಿಯೂ ಬೆಚ್ಚಗಿರುತ್ತದೆ, ಪ್ಲಾಸ್ಟಿಕ್ಕಾದರೋ ಹೊರಗಿನ ಮಳೆಯನ್ನು ತಡೆದು ಒಳಗಿನ ಬೆವರಿನಲ್ಲಿ ಮೈಯನ್ನು ನೆನೆಸುತ್ತದೆ.

ಪಾದ ಮತ್ತು ಪೀಠಗಳ ಬಗ್ಗೆ ಹೆಚ್ಚು ವಿಸ್ತರಿಸುವ ಅಗತ್ಯವಿಲ್ಲ. ಚೂಪು ಹಿಮ್ಮಡಿಯ ಚಪ್ಪಲಿ ಹುಲ್ಲಿನಲ್ಲಿ ಹೂತುಕೊಳ್ಳುತ್ತದೆ, ಕಂಠೀರವದಂಥ ಕ್ರೀಡಾಂಗಣಗಳ ಸಿಂಥೆಟಿಕ್ ಓಟದ ಪಥಕ್ಕೆ ಹಾನಿ ಮಾಡುತ್ತದೆ. ಸಿಮೆಂಟಿನ ಮೆಟ್ಟಿಲು ಬೆಳಿಗ್ಗೆ ಕೊರೆಯುತ್ತದೆ, ಮಧ್ಯಾಹ್ನ ಸುಡುತ್ತದೆ. ನಾಲ್ಕು ಮಡಿಕೆಯ ಹಳೆಯ ಜಮಖಾನವೊಂದನ್ನು ಜೊತೆಗೆ ತಂದವರು ಎರಡೂ ಹೊತ್ತು ಗೆಲ್ಲುತ್ತಾರೆ.

ಹಾಗಾದರೆ ಸೊಗಸಿಗೆ ಜಾಗವೆಲ್ಲಿ? ಹನ್ನೊಂದನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಕ್ಷೇಮೇಂದ್ರ ತನ್ನ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ, ಕಾವ್ಯದ ಅಲಂಕಾರವು ತಕ್ಕ ಸ್ಥಾನದಲ್ಲಿದ್ದಾಗ ಮಾತ್ರ ಅಲಂಕಾರವೆನಿಸುತ್ತದೆಂಬುದನ್ನು ವಿವರಿಸಲು ಒಡವೆಗಳ ಉದಾಹರಣೆಯನ್ನೇ ತೆಗೆದುಕೊಂಡಿದ್ದಾನೆ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡವರು ನಗೆಗೀಡಾಗುತ್ತಾರೆಂಬುದು ಅವನ ವಾದದ ಸಾರ. ಔಚಿತ್ಯವೆಂದರೆ ಸನ್ನಿವೇಶಕ್ಕೆ ತಕ್ಕುದಾಗಿರುವಿಕೆ. ಈ ದೃಷ್ಟಿಯಿಂದ ನೋಡಿದರೆ ಆರಾಮಕ್ಕೂ ಸೊಗಸಿಗೂ ವೈರವೇ ಇಲ್ಲ. ಇಂದು ಅರ್ಧದಷ್ಟು ತಂದೆಯರು ಮೈದಾನಕ್ಕೆ ತೊಟ್ಟು ಬರುವ, ಕಾಲರ್ ಇರುವ ಹೆಣಿಗೆಯ ಟೀ ಶರ್ಟೇ ಇದಕ್ಕೆ ಸಾಕ್ಷಿ. ಟೆನಿಸ್ ಆಟಗಾರರು ಉದ್ದತೋಳಿನ ಬಿರುಸು ಅಂಗಿ ತೊಟ್ಟು ಆಡುತ್ತಿದ್ದ ಕಾಲದಲ್ಲಿ ಫ್ರಾನ್ಸಿನ ರೆನೆ ಲಾಕೋಸ್ಟ್ ಗಾಳಿಯಾಡುವ ಹತ್ತಿಯ ಹೆಣಿಗೆಯಲ್ಲಿ ಗಿಡ್ಡತೋಳಿನ ಅಂಗಿಯೊಂದನ್ನು ರೂಪಿಸಿಕೊಂಡು 1926ರ ಅಮೆರಿಕನ್ ಚಾಂಪಿಯನ್‌ಷಿಪ್‌ನಲ್ಲಿ ಆಡಿದ. 1933ರಿಂದ ಅದು ಮಾರಾಟಕ್ಕೂ ಬಂತು. ಸೆಕೆಗೆ ಪರಿಹಾರವಾಗಿ ಹುಟ್ಟಿದ ಅಂಗಿ ಹೀಗೆ ಸೊಗಸಿನ ಗುರುತಾಗಿ ಬೆಳೆಯಿತು.

ಔಚಿತ್ಯದ ನಿಜವಾದ ಪರೀಕ್ಷೆ ನಡೆಯುವುದು ಮಧ್ಯಾಹ್ನದ ಹೊತ್ತಿಗೆ, ಧ್ವನಿವರ್ಧಕದಲ್ಲಿ ಪೋಷಕರ ಸ್ಪರ್ಧೆಗಳ ಘೋಷಣೆಯಾದಾಗ. ನಿಂಬೆಹಣ್ಣು ಚಮಚದ ಓಟ, ಸಂಗೀತ ಕುರ್ಚಿ, ಹಗ್ಗಜಗ್ಗಾಟಗಳಿಗೆ ಹೆಸರು ಕೊಡದವರನ್ನೂ ಶಿಕ್ಷಕಿಯರು ಕೈಹಿಡಿದು ಅಂಕಣಕ್ಕೆ ಎಳೆದೊಯ್ಯುತ್ತಾರೆ. ಆಗ ರೇಷ್ಮೆ ಸೀರೆಯ ತಾಯಿ ಒಂದು ಕೈಯಲ್ಲಿ ನೆರಿಗೆ ಹಿಡಿದು, ಬಾಯಲ್ಲಿ ಚಮಚ ಕಚ್ಚಿ, ನಿಂಬೆಹಣ್ಣನ್ನೂ ಮಾನವನ್ನೂ ಏಕಕಾಲದಲ್ಲಿ ಕಾಪಾಡಿಕೊಳ್ಳಬೇಕಾಗುತ್ತದೆ. ಬಿಗಿಯಾದ ಪ್ಯಾಂಟಿನ ತಂದೆಗೆ ಹಗ್ಗ ಎಳೆಯಲು ಹಿಂದಕ್ಕೆ ವಾಲಿದೊಡನೆ ಹೊಲಿಗೆಯ ಸದ್ದು ಕೇಳಿಸಿ, ಆಮೇಲಿನ ಬಲಪ್ರಯೋಗವೆಲ್ಲ ತೋರಿಕೆಯದಾಗುತ್ತದೆ.

ಕೊನೆಗೂ ಈ ಉಡುಪಿಗೆ ತೀರ್ಪುಗಾರರು ಯಾರೆಂಬುದನ್ನು ಮರೆಯುವಂತಿಲ್ಲ. ಪ್ರಾಥಮಿಕ ಶಾಲೆಯ ಮಗು ಓಟದ ಗೆರೆಯ ಮೇಲೆ ನಿಂತು ಮೊದಲು ಮಾಡುವ ಕೆಲಸ ಗ್ಯಾಲರಿಯಲ್ಲಿ ತನ್ನವರನ್ನು ಹುಡುಕುವುದು. ನೂರಾರು ಮುಖಗಳ ನಡುವೆ ಅದಕ್ಕೆ ಬಣ್ಣದ ಗುರುತು ಬೇಕಾಗುವುದರಿಂದ, ಬೆಳಿಗ್ಗೆ ಮಗುವಿಗೆ ತೋರಿಸಿ ಉಟ್ಟುಕೊಂಡು ಬಂದ ಹಳದಿ ಸೀರೆ ಅಥವಾ ಕಿತ್ತಳೆ ಬಣ್ಣದ ಟೋಪಿ ಬಹಳ ಉಪಕಾರಿ. ಅದೇ ಮಗು ಎಂಟನೆಯ ತರಗತಿಗೆ ಬಂದಾಗ ನಿಯಮ ತಲೆಕೆಳಗಾಗಿ, ಅಪ್ಪ ಅಮ್ಮ ಬರಬೇಕು, ಆದರೆ ಬಂದದ್ದು ಗೆಳೆಯರಿಗೆ ಗೊತ್ತಾಗಬಾರದು ಎಂಬ ಬೇಡಿಕೆ ಮುಂದೆ ಬರುತ್ತದೆ. ಅದೇ ಕಿತ್ತಳೆ ಟೋಪಿ ಆಗ ಮನೆಯ ಕಲಹಕ್ಕೆ ವಸ್ತುವಾಗುತ್ತದೆ. ವಿವೇಕಿಗಳಾದ ಪೋಷಕರು ಇದನ್ನು ತಮ್ಮ ಅಭಿರುಚಿಗಾದ ಅವಮಾನವೆಂದು ಭಾವಿಸದೆ, ಮಗು ಬೆಳೆದ ಲೆಕ್ಕದಲ್ಲಿ ಜಮಾ ಮಾಡಿಕೊಂಡು, ತಿಳಿಬೂದು ಬಣ್ಣದ ಸಡಿಲ ಹತ್ತಿಯಂಗಿ ತೊಟ್ಟು ಹೋಗಿ ಮೂರನೆಯ ಸಾಲಿನಲ್ಲಿ ಕೂರುತ್ತಾರೆ. ಚಪ್ಪಾಳೆ ತಟ್ಟಲು ಅಲ್ಲಿಂದಲೂ ಅಡ್ಡಿಯಿಲ್ಲ.