ಶಬ್ದಸೂಚಿಯೂ ಯಂತ್ರದ ಎಚ್ಚರಿಕೆಯೂ

ಸಂಪಾದಕ ಮಹಾಶಯರು ವ್ಯಾಕರಣವನ್ನು ಕುರಿತು ನಾಲ್ಕು ಮಾತು ಬರೆಯಿರೆಂದರು. ಬರೆಯಹೊರಟದ್ದು ಗಣಕಯಂತ್ರದ ವಿಷಯವಾಯಿತು, ವಾಚಕರು ಮನ್ನಿಸಬೇಕು.

ಹಳಗನ್ನಡ ಗದ್ಯಗ್ರಂಥವೊಂದಕ್ಕೆ ನಾನು ಸಿದ್ಧಪಡಿಸುತ್ತಿರುವ ಶಬ್ದಸೂಚಿಯನ್ನು ಅಕಾರಾದಿಯಾಗಿ ಜೋಡಿಸಲು ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಜಾವಾ ಭಾಷೆಯಲ್ಲಿ ಕ್ರಮವಿಧಿಯೊಂದನ್ನು ರಚಿಸಿಕೊಟ್ಟನು. ಅದನ್ನು ಯಂತ್ರಕ್ಕೆ ತಿಳಿಯುವಂತೆ ಪರಿವರ್ತಿಸುವ ಕಂಪೈಲರ್ ಪ್ರತಿಸಲವೂ ‘ಅನ್‌ಚೆಕ್ಡ್’, ಎಂದರೆ ಪರೀಕ್ಷಿತವಲ್ಲ, ಎಂಬ ಎಚ್ಚರಿಕೆಯ ಸಾಲುಗಳನ್ನು ಒಪ್ಪಿಸುತ್ತಿತ್ತು. ಕೆಲಸವೇನೂ ನಿಲ್ಲುತ್ತಿರಲಿಲ್ಲ. ‘ಇದರ ಬಾಯಿ ಮುಚ್ಚಿಸಪ್ಪಾ’ ಎಂದವನು ನಾನೇ. ಅವನು ಕ್ರಮವಿಧಿಯ ನೆತ್ತಿಯ ಮೇಲೆ ‘ಸಪ್ರೆಸ್ ವಾರ್ನಿಂಗ್ಸ್’ ಎಂದು ಬರೆದನು. ಮೌನವಾಯಿತು.

ಎಚ್ಚರಿಕೆಯ ಅರ್ಥ ಆಮೇಲೆ ಅವನಿಂದಲೇ ತಿಳಿಯಿತು. 2004ರಲ್ಲಿ ಬಂದ ಜಾವಾದ ಐದನೆಯ ಆವೃತ್ತಿಯಿಂದೀಚೆಗೆ, ಪಟ್ಟಿಯೊಂದನ್ನು ನಿರ್ಮಿಸುವಾಗಲೇ ‘ಇದರೊಳಗೆ ಪದಗಳು ಮಾತ್ರ’ ಎಂದು ವಿಧಿಸಬಹುದು. ಇದಕ್ಕೆ ಜೆನೆರಿಕ್ಸ್ ಎಂದು ಹೆಸರು. ಹಾಗೆ ವಿಧಿಸಿದ ಪಟ್ಟಿಗೆ ಅಂಕಿಯನ್ನು ಸೇರಿಸಹೋದರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಪರೀಕ್ಷೆ ಮುಗಿದ ಬಳಿಕ ಆ ವಿಧಿ ಲೋಪವಾಗುತ್ತದೆ. ಹಳೆಯ ಕ್ರಮವಿಧಿಗಳೊಡನೆ ಹೊಂದಿಕೆ ಕೆಡದಿರಲೆಂದು ಈ ವ್ಯವಸ್ಥೆ. ‘ಅರಸನ ಮನೆ’ಯು ‘ಅರಮನೆ’ಯಾಗುವಾಗ ಷಷ್ಠೀ ಪ್ರತ್ಯಯ ಲೋಪವಾಗುವುದಿಲ್ಲವೆ, ಹಾಗೆ! ವಿಗ್ರಹವಾಕ್ಯ ಸರಿಯಾಗಿದ್ದರೆ ಲೋಪದಿಂದ ಹಾನಿಯಿಲ್ಲ. ವಿಧಿಯನ್ನು ಬರೆಯದೆಯೇ ಬಿಟ್ಟ ಪಟ್ಟಿಯ ವಿಷಯದಲ್ಲಿ ಮಾತ್ರ ಕಂಪೈಲರ್ ತಡೆಯಲೊಲ್ಲದು, ಹೊಣೆಯನ್ನೂ ಹೊರಲೊಲ್ಲದು, ಎಚ್ಚರಿಸಿ ಸುಮ್ಮನಾಗುತ್ತದೆ.

ತಿಂಗಳು ಕಳೆದು, ಅಚ್ಚಿಗೆ ಕಳುಹಿಸುವ ಮುನ್ನಾದಿನ, ಸೂಚಿಯನ್ನು ಹೊರತೆಗೆಯುವ ಹಂತದಲ್ಲಿ ಕ್ರಮವಿಧಿ ಮುಗ್ಗರಿಸಿತು. ದೋಷವಿದ್ದುದು ಅಲ್ಲಲ್ಲ. ಎಷ್ಟೋ ಹಿಂದೆ, ಪುಟಸಂಖ್ಯೆಯೊಂದು ಪದಗಳ ಪಟ್ಟಿಯೊಳಗೆ ನುಸುಳಿತ್ತು. ನಾವು ಮುಚ್ಚಿಸಿದ ಬಾಯಿ ಹೇಳುತ್ತಿದ್ದುದು ಅದನ್ನೇ, ಸಾಲಿನ ಸಂಖ್ಯೆಯ ಸಹಿತವಾಗಿ.

ಹುಡುಗನು ಮೇಲಣ ಮೌನಾಜ್ಞೆಯನ್ನು ಕಿತ್ತುಹಾಕಿ ಪಟ್ಟಿಗಳಿಗೆಲ್ಲ ವಿಧಿಯನ್ನು ಬರೆದನು. ಎಚ್ಚರಿಕೆಗಳು ತಾವಾಗಿ ಅಡಗಿದವು. ಒಂದು ಉಳಿಯಿತು: ಅನ್ಯರು ಹಿಂದೆಂದೋ ರಚಿಸಿದ ಲೈಬ್ರರಿಯೊಂದು ಒದಗಿಸುವ ಪಟ್ಟಿ, ಅದನ್ನು ತಿದ್ದುವುದು ನಮ್ಮ ಕೈಯಲ್ಲಿರಲಿಲ್ಲ. ಅದರೊಳಗೆ ಪದಗಳಲ್ಲದೆ ಬೇರೇನೂ ಬಾರದೆಂದು ಮೂಲವನ್ನೋದಿ ನಿಶ್ಚಯಿಸಿಕೊಂಡು, ಆ ಒಂದೇ ಘೋಷಣೆಗೆ ಮೌನಾಜ್ಞೆಯಿತ್ತು, ಕಾರಣವನ್ನೂ ಅಲ್ಲಿಯೇ ಟಿಪ್ಪಣಿಸಿದನು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುರುಗಳು ತಮ್ಮ ಕೈಬರಹದ ಶಬ್ದಪಟ್ಟಿಯನ್ನು ನನಗಿತ್ತಾಗ ಕೆಲವು ಪದಗಳೆದುರು ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿದ್ದರು. ಪುಟ ಅಂದಗೆಡುವುದೆಂದು ಅವನ್ನು ರಬ್ಬರಿನಿಂದ ಅಳಿಸಿದವನು ನಾನು. ಈ ಸೂಚಿಗೆ ಆ ಪಟ್ಟಿಯೇ ಆಧಾರ. ಗುರುಗಳು ಈಗಿಲ್ಲ. ಅಚ್ಚನ್ನು ತಡೆಹಿಡಿದು, ಹಾಳೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಒಂಬತ್ತು ಗುರುತುಗಳು ಮಸುಕಾಗಿ ಕಾಣಿಸಿದವು. ಇನ್ನೂ ಇದ್ದುವೆಂದು ನನ್ನ ನೆನಪು.