ಗಾಜಿನ ಮನೆಗೊಂದು ಮರೆ

ಅಕ್ಕನ ಮಗ ಓದಲೆಂದು ಮತ್ತಿಕೆರೆಯ ನಮ್ಮ ಮನೆಗೆ ಬಂದಾಗ ಎರಡು ಸೂಟ್‌ಕೇಸಿನ ಜೊತೆ ಮೂರಡಿಯ ಗಾಜಿನ ಪೆಟ್ಟಿಗೆಯೂ ಬಂತು. ಒಳಗಿದ್ದದ್ದು ಬಾಲ್ ಪೈಥಾನ್, ಆಫ್ರಿಕಾದ ಪುಟ್ಟ ಹೆಬ್ಬಾವು. ವಿಷವಿಲ್ಲ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ನಮ್ಮ ನಾಗರ, ಕೇರೆಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಹೊರದೇಶದ ಹಾವಿಗೂ 2024ರ ನಿಯಮದಂತೆ ನೋಂದಣಿ ಬೇಕು. ಅವನು ಆ ಕಾಗದ ತೋರಿಸಿದ. ಅಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ.

ನಾಗರಪಂಚಮಿಗೆ ತಪ್ಪದೆ ಅಶ್ವತ್ಥಕಟ್ಟೆಯ ಕಲ್ಲಿಗೆ ತನಿ ಎರೆಯುವವಳು ಅಮ್ಮ. ಜೀವವಿರುವ ಹಾವು ಹಾಲ್‌ನಲ್ಲಿರುವುದು ಮಾತ್ರ ಅವಳಿಗೆ ಆಗಲಿಲ್ಲ. "ಅದು ನನ್ನನ್ನೇ ನೋಡ್ತಾ ಇರುತ್ತೆ ಕಣೇ" ಎನ್ನುತ್ತಿದ್ದಳು. ಹಾವಿಗೆ ರೆಪ್ಪೆಯೇ ಇಲ್ಲ, ನಿದ್ದೆಯಲ್ಲೂ ಕಣ್ಣು ತೆರೆದೇ ಇರುತ್ತದೆ ಎಂದರೆ ಭಯ ಇನ್ನೂ ಹೆಚ್ಚಾಯಿತು.

ಹಾವಿಗೂ ನೆಮ್ಮದಿ ಇರಲಿಲ್ಲ. ರಾತ್ರಿಯಿಡೀ ಮೂತಿಯನ್ನು ಗಾಜಿಗೆ ಉಜ್ಜುತ್ತಿತ್ತು. "ಕಾಡಲ್ಲಿ ಇವು ಹಗಲು ಬಿಲದಲ್ಲಿ, ಹುತ್ತದಲ್ಲಿ ಇರ್ತವೆ. ಇಲ್ಲಿ ನಾಲ್ಕೂ ಕಡೆ ಬಯಲು. ಮೂರು ಕಡೆ ಮುಚ್ಚಬೇಕು ಚಿಕ್ಕಮ್ಮ, ಬಂದ್ಮೇಲೆ ಮಾಡ್ತೀನಿ" ಎಂದು ಹೇಳಿ ಹುಡುಗ ನಾಲ್ಕು ದಿನಕ್ಕೆ ಹಾಸನಕ್ಕೆ ಹೋದ.

ಅವನು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಪುಸ್ತಕಗಳಿಗೆ ಹಾಕುವ ಬ್ರೌನ್ ಶೀಟ್ ತಂದು ಎರಡು ಪಕ್ಕಕ್ಕೂ ಹೊರಗಿನಿಂದ ಅಂಟಿಸಿದೆ. ಹಿಂಬದಿ ಗೋಡೆಗೆ ಒತ್ತಿಕೊಂಡಿತ್ತು, ಒಬ್ಬಳೇ ಎಳೆಯಲಾಗಲಿಲ್ಲ. ಹಾವು ಮಣ್ಣಿನ ಕುಂಡದೊಳಗೆ ಮಲಗಿದ್ದಾಗ ಮುಚ್ಚಳ ತೆಗೆದು ಒಳಗಿನಿಂದಲೇ ಟೇಪ್ ಹಚ್ಚಿದೆ.

ಬೆಳಿಗ್ಗೆ ನೋಡಿದರೆ ಕಾಗದ ಕಳಚಿ ಬಿದ್ದಿತ್ತು. ಟೇಪ್ ಹಾವಿನ ಮೈಗೆ ಸುತ್ತಿಕೊಂಡಿತ್ತು. ಕೈಕಾಲು ತಣ್ಣಗಾದವು. ಫೋನ್ ಮಾಡಿದರೆ ಹುಡುಗ ಕೂಗಿಕೊಂಡ: "ಎಳೀಬೇಡಿ ಚಿಕ್ಕಮ್ಮ! ಚರ್ಮ ಕಿತ್ತು ಬರುತ್ತೆ." ಐದು ನಿಮಿಷದಲ್ಲಿ ಪಶುವೈದ್ಯರನ್ನು ಕೇಳಿ ಮತ್ತೆ ಫೋನ್ ಮಾಡಿದ. ಅಡುಗೆ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಟೇಪಿನ ಅಂಚಿಗೆ ಸವರಬೇಕು, ಅಂಟು ತಾನಾಗಿ ಬಿಡುವವರೆಗೆ ಕಾಯಬೇಕು, ಮೂತಿಗೆ ತಾಗಿಸಬಾರದು.

ನನಗೆ ಹಾವನ್ನೂ ಹಿಡಿದು ಎಣ್ಣೆಯನ್ನೂ ಹಚ್ಚಲು ಆಗುತ್ತಿರಲಿಲ್ಲ. ಹಿಂದೆ ಬಳೆ ಸದ್ದಾಯಿತು. ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಿದ್ದಳು. "ನೀನು ಹಿಡ್ಕೋ" ಎಂದಳು. ಮುಕ್ಕಾಲು ಗಂಟೆ, ಎಳೆ ಎಳೆಯಾಗಿ, ಅವಳ ನಡುಗುವ ಬೆರಳುಗಳೇ ಆ ಟೇಪ್ ಬಿಡಿಸಿದವು. ಎರಡು ಕಡೆ ಹುರುಪೆ ಕೆದರಿದ್ದು ಬಿಟ್ಟರೆ ಗಾಯವಾಗಿರಲಿಲ್ಲ. "ಪಾಪ, ಇದಕ್ಕೇನು ಗೊತ್ತಾಗುತ್ತೆ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದಳು. ನನಗೊಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹುಡುಗ ಬಂದ ಮೇಲೆ ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮುಂದೆಳೆದು ಹಿಂಬದಿಗೂ ಹೊರಗಿನಿಂದಲೇ ಕಾಗದ ಹಚ್ಚಿದೆವು. ಮುಚ್ಚಳದ ಗಾಳಿ ಕಿಂಡಿಗಳನ್ನು ಮುಚ್ಚಲಿಲ್ಲ. ಶಾಖ ಕೊಡುವ ಪ್ಯಾಡಿನ ಹತ್ತಿರಕ್ಕೆ ಕಾಗದ ಒಯ್ಯಲಿಲ್ಲ. ಮರೆ ಕಟ್ಟಿದ ಮೇಲೆ ಒಳಗಿನ ಬಿಸಿ ಏರಬಹುದೆಂದು ಎರಡು ದಿನ ಥರ್ಮಾಮೀಟರ್ ನೋಡುತ್ತಿದ್ದೆವು. ಮೂತಿ ಉಜ್ಜುವುದು ವಾರದೊಳಗೆ ಕಡಿಮೆಯಾಯಿತು.

ಅಮ್ಮ ಈಗಲೂ ಆ ಪೆಟ್ಟಿಗೆಯ ಹತ್ತಿರ ಕೂರುವುದಿಲ್ಲ. ಆದರೆ ರಾತ್ರಿ ದೀಪ ಆರಿಸುವ ಮುನ್ನ ತನ್ನ ಕೋಣೆಯಿಂದಲೇ ಕೇಳುತ್ತಾಳೆ: "ಒಳಗಡೆ ಟೇಪ್ ಏನೂ ಇಲ್ಲ ತಾನೇ?"